ತಟ್ಟೆಯ ಮೇಲಿನ ಹೆಸರು

ಹುನಗುಂದ ತಾಲೂಕಿನ ಐಹೊಳೆಯಲ್ಲಿ ಗುಡ್ಡದ ಮೇಲೆ ಮೇಗುತಿ ಎಂಬ ಬಸದಿಯುಂಟು. ವಾಚಕರಲ್ಲಿ ಅನೇಕರು ಅದನ್ನು ನೋಡಿರಬಹುದು. ಅದರ ಗೋಡೆಯ ಮೇಲೆ ಕ್ರಿ.ಶ. 634ರ ಒಂದು ಶಾಸನವಿದೆ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದು ನಿಲ್ಲಿಸಿದ ಸಂಗತಿಯನ್ನು ಹೇಳುವ ಆ ಶಾಸನವನ್ನು ಇತಿಹಾಸದ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ಅದರ ಕೊನೆಯ ಭಾಗದತ್ತ ನಮ್ಮ ಲಕ್ಷ್ಯ ಹೋಗುವುದು ಕಡಿಮೆ. ಅರಸನ ಕೀರ್ತಿಯನ್ನು ಹಾಡಿ ಮುಗಿಸಿದ ಕವಿ ರವಿಕೀರ್ತಿ ಅಲ್ಲಿ ತನ್ನ ಹೆಸರನ್ನೂ ಕಲ್ಲಿಗೇರಿಸಿದ್ದಾನೆ. ಕಾಳಿದಾಸ ಭಾರವಿಗಳ ಸಾಲಿನಲ್ಲಿ ತಾನೂ ನಿಂತಿರುವುದಾಗಿ ಹೇಳಿಕೊಂಡಿದ್ದಾನೆ. ಅರಸನ ರಾಜ್ಯ ಅಳಿಯಿತು, ಕವಿಯ ಹೆಸರು ಉಳಿಯಿತು.

ಮಲಪ್ರಭೆಯ ದಂಡೆಯನ್ನೇ ಹಿಡಿದು ಪಟ್ಟದಕಲ್ಲಿಗೆ ಹೋದರೆ ಅಲ್ಲಿಯೂ ಹೆಸರುಗಳುಂಟು. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಅದರ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಯ ಹೆಸರು ಬಿರುದು ಸಹಿತವಾಗಿ ಕೆತ್ತಲ್ಪಟ್ಟಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಪರಿಣತನಾದ ಅಚಲನೆಂಬುವನನ್ನು ಹೊಗಳುವ ಶಾಸನವೂ ಪಟ್ಟದಕಲ್ಲಿನಲ್ಲಿದೆ. ಗಾಯಕರ ಮಾತೂ ಇಲ್ಲದಿಲ್ಲ. ವಿಜಯಾದಿತ್ಯನು ಅವರಿಗೆ ಮಾಡಿಕೊಟ್ಟ ಕಟ್ಟಳೆಯನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳೆಂದು ಒಂದು ಶಾಸನ ಹೇಳುತ್ತದೆ. ಆದರೆ ಅಲ್ಲಿ ಹಾಡುಗಾರರು ಒಂದು ಸಮುದಾಯವಾಗಿ ಬರುತ್ತಾರೆ. ಶಿಲ್ಪಿಗೆ ಹೆಸರು ಸಿಕ್ಕಿತು. ಹಾಡಿದವರು ಹಾಡಿದವರಾಗಿಯೇ ಉಳಿದರು.

ಇನ್ನು ಬಾದಾಮಿ. ಅಲ್ಲಿನ ಕೆಂಪು ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ಮೊದಲು ಕಾಣಿಸಿಕೊಳ್ಳುವುದು ಅದರಲ್ಲಿಯೇ. ಅರಭಟ್ಟನ ಹೆಸರು ಬಂಡೆಯ ಮೇಲಿದೆ. ಅದೇ ತ್ರಿಪದಿಯನ್ನು ಈ ಸೀಮೆಯ ಹೆಂಗಸರು ಬೀಸುವ ಕಲ್ಲಿನ ಮುಂದೆ ಕುಳಿತು ಸಾವಿರಾರು ನಸುಕುಗಳಲ್ಲಿ ಹಾಡಿದರು. ತಾವೇ ಕಟ್ಟಿ ಹಾಡಿದರು. ಅವರಲ್ಲಿ ಒಬ್ಬಳ ಹೆಸರನ್ನಾದರೂ ನಾವು ಹೇಳಬಲ್ಲೆವೆ? ಧ್ವನಿ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿ ಹೋಗುವ ವಸ್ತು. ಕಲ್ಲು ಅದನ್ನು ಹಿಡಿಯಲಾರದು. ಆದುದರಿಂದ ಹಾಡಿದವರ ಹೆಸರೂ ಧ್ವನಿಯ ಸಂಗಡವೇ ಹೋಗುತ್ತಿತ್ತು.

ಈ ವ್ಯವಸ್ಥೆ ಬದಲಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದನ್ನು ಬದಲಿಸಿದ್ದು ಹತ್ತು ಅಂಗುಲ ಅಗಲದ, ಕಪ್ಪು ಬಣ್ಣದ, ಕೈಜಾರಿದರೆ ಒಡೆದು ಹೋಗುವ ಒಂದು ತಟ್ಟೆ. ನಾವು ಅದನ್ನು ರಿಕಾರ್ಡು ಎಂದೆವು, ಪ್ಲೇಟು ಎಂದೆವು. ಬಾಗಲಕೋಟೆಗೆ ಸಮೀಪದ ಬೀಳಗಿಯಲ್ಲಿ ಹುಟ್ಟಿದ ಅಕ್ಕತಂಗಿಯರಿಬ್ಬರ ಹೆಸರನ್ನು ಆ ತಟ್ಟೆಯ ಕಾಲ ದೇಶದ ತುಂಬ ಒಯ್ದಿತು. ಅವರು ಗೋಹರಬಾಯಿ ಮತ್ತು ಅಮೀರ್‌ಬಾಯಿ. ಅವರ ಹೆಸರಿನ ಸಂಗಡ ನಮ್ಮ ನಾಡಿನ ಹೆಸರೂ ಹೋಯಿತು. ನಾಡಿಗೆ ಆ ಹೆಸರು ಭೂಪಟದ ಮೇಲೆ ಇಲ್ಲದಿದ್ದ ಕಾಲದಲ್ಲಿಯೇ ಹೋಯಿತು. ಆ ವಿಷಯವನ್ನೇ ಇಲ್ಲಿ ವಾಚಕರ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ತಟ್ಟೆಯ ಸಂಗತಿ. ನಮ್ಮ ದೇಶದಲ್ಲಿ ವ್ಯಾಪಾರಕ್ಕಾಗಿ ಹಾಡನ್ನು ಮುದ್ರಿಸುವ ಕೆಲಸ 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. ಗ್ರಾಮೋಫೋನ್ ಕಂಪನಿಯ ಪರವಾಗಿ ಗೈಸ್‌ಬರ್ಗ್ ಎಂಬ ತಜ್ಞನು ಯಂತ್ರ ಸಾಮಗ್ರಿಗಳೊಡನೆ ಬಂದಿಳಿದಿದ್ದನು. ಅವನ ಮುಂದೆ ಹಾಡಿ ಹೆಸರು ಪಡೆದವರಲ್ಲಿ ಕಲಕತ್ತೆಯ ಗೌಹರ್ ಜಾನ್ ಮುಖ್ಯರಾದವರು. ಅವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಮುಗಿಸುತ್ತಿದ್ದರು. ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಿ ಬರಬೇಕಾಗಿತ್ತು. ಯಾವ ಹಾಡು ಯಾರದೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು ಎಂದು ವಿವರಣೆ ಕೊಡುವುದುಂಟು. ಕಾರಣ ಏನೇ ಇರಲಿ, ಅದರ ಪರಿಣಾಮ ದೊಡ್ಡದು. ಹಾಡುಗಾರ್ತಿಯೊಬ್ಬಳು ತನ್ನ ಹೆಸರನ್ನು ತಾನೇ ಹೇಳಿದಳು, ಆ ಹೆಸರು ಅಳಿಯದೆ ನಿಂತಿತು. ಮೇಗುತಿಯಲ್ಲಿ ರವಿಕೀರ್ತಿ ಮಾಡಿದ ಕೆಲಸವೇ ಇದು. ಅವನು ಉಳಿಯನ್ನು ನಂಬಿದ, ಇವರು ಮುಳ್ಳನ್ನು ನಂಬಿದರು.

1908ರಲ್ಲಿ ಕಲಕತ್ತೆಯ ಸಿಯಾಲದಾದಲ್ಲಿಯೇ ತಟ್ಟೆ ಒತ್ತುವ ಕಾರಖಾನೆ ಆಯಿತು. ತಟ್ಟೆಯ ಮುಖ್ಯ ದ್ರವ್ಯ ನಮ್ಮ ದೇಶದ ಅರಗು. ಪಾಂಡವರ ಅರಗಿನ ಮನೆಯ ಕಥೆ ಕೇಳಿ ಬೆಳೆದ ನಮಗೆ ಅರಗು ಹೊಸದಲ್ಲ. ಮುತ್ತುಗ, ಬಾರಿ ಮೊದಲಾದ ಗಿಡಗಳ ಕೊಂಬೆಗೆ ಅಂಟಿಕೊಂಡ ಸಣ್ಣ ಹುಳುಗಳು ಸ್ರವಿಸುವ ಆ ಅಂಟಿಗೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ನಿಮಿಷಕ್ಕೆ 78 ಸುತ್ತು ತಿರುಗಿ, ಒಂದೊಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಹಾಡಿ ಅದು ಸುಮ್ಮನಾಗುತ್ತಿತ್ತು. ಕೀಲಿ ಕೊಡಬೇಕು, ಮುಳ್ಳು ಬದಲಿಸಬೇಕು, ಮಗ್ಗುಲು ತಿರುವಿ ಹಾಕಬೇಕು. ಇಷ್ಟೆಲ್ಲ ಮಾಡಿದವರಿಗೆ ತಟ್ಟೆಯ ನಡುವಿನ ಚೀಟಿಯನ್ನು ಓದಲು ಬಿಡುವು ಧಾರಾಳವಾಗಿ ಸಿಗುತ್ತಿತ್ತು. ಹಾಡಿನ ಹೆಸರು, ಹಾಡಿದವರ ಹೆಸರು, ಕಂಪನಿಯ ಅಂಕಿ - ಇವಿಷ್ಟೇ ಅದರ ಮೇಲಿನ ಬರಹ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಆ ಕಾಲದಲ್ಲಿ ರಂಗದ ಮೇಲೆ ಹಾಡುವ ಹೆಂಗಸಿಗೆ ಸಮಾಜದಲ್ಲಿ ಮರ್ಯಾದೆಯ ಸ್ಥಾನವಿರಲಿಲ್ಲ. ಅನೇಕ ನಾಟಕ ಮಂಡಳಿಗಳಲ್ಲಿ ಸ್ತ್ರೀ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಹಾಡುವವಳ ಹಾಡು ಬೇಕು, ಹಾಡುವವಳು ಬೇಡ ಎಂಬುದು ದೊಡ್ಡ ಮನೆಗಳ ರೀತಿಯಾಗಿತ್ತು. ಅಂಥ ಮನೆಯ ಪಡಸಾಲೆಗೆ ಅವಳ ತಟ್ಟೆ ಮಾತ್ರ ಯಾವ ಅಡ್ಡಿಯೂ ಇಲ್ಲದೆ ಬಂದು ಕುಳಿತಿತು. ಹೊಸ್ತಿಲು ದಾಟಲು ಅಪ್ಪಣೆಯಿಲ್ಲದವಳ ಹೆಸರನ್ನು ಮನೆಯ ಹುಡುಗರು ಚೀಟಿಯ ಮೇಲೆ ಓದಿ ಬಾಯಿಪಾಠ ಮಾಡಿದರು. ಕಾನೂನಿಗೂ ಉಪದೇಶಕ್ಕೂ ಬಗ್ಗದ ಬಾಗಿಲು ಅರಗಿನ ತಟ್ಟೆಗೆ ತೆರೆಯಿತು.

ಈಗ ಬೀಳಗಿಗೆ ಬರೋಣ. ಕೃಷ್ಣೆಗೂ ಘಟಪ್ರಭೆಗೂ ನಡುವೆ ಇರುವ ಈ ಸಣ್ಣ ಊರು ಆಗ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದಿತು. ಹಾಡು, ತಬಲ, ನಾಟಕಗಳೇ ಜೀವನವಾಗಿದ್ದ ಮುಸಲ್ಮಾನ ಮನೆತನವೊಂದರಲ್ಲಿ ಐವರು ಅಕ್ಕತಂಗಿಯರು ಬೆಳೆದರು. ಅವರಲ್ಲಿ ಗೋಹರಬಾಯಿ, ಅಮೀರ್‌ಬಾಯಿ ಹೆಸರಾದವರು. ಮನೆಯ ಮಾತು ಒಂದು, ಊರ ಮಾತು ಕನ್ನಡ, ನಾಟಕದ ಹಾಡಿನ ಧಾಟಿ ಮರಾಠಿಯದು, ರಾಗ ಹಿಂದುಸ್ತಾನಿ. ಈ ಸೀಮೆಯಲ್ಲಿ ಇದು ಯಾರಿಗೂ ಸೋಜಿಗವಾಗಿರಲಿಲ್ಲ.

ಏಕೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ ಎಂದರೆ ನಾಟಕದ ಸೀಮೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ತೇರು ಎಳೆದ ಮೇಲೆ ಜಾತ್ರೆ ವಾರಗಟ್ಟಲೆ ನಿಲ್ಲುತ್ತದೆ. ಆ ಜಾತ್ರೆಯ ಹೆಗ್ಗಳಿಕೆಯೇ ನಾಟಕ ಕಂಪನಿಗಳು. ಒಂದರ ಪಕ್ಕದಲ್ಲಿ ಒಂದು ತಂಬು ಎದ್ದು, ಇರುಳೆಲ್ಲ ಆಟ ನಡೆಯುತ್ತದೆ. ಹಗಲು ಇಲಕಲ್ ಸೀರೆ, ಗುಳೇದಗುಡ್ಡದ ಖಣ ಕೊಂಡವರು ಇರುಳು ನಾಟಕಕ್ಕೆ ಬರುತ್ತಾರೆ. ನೇಕಾರಿಕೆಯ ಊರುಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದುದರಿಂದ ಕಂಪನಿಗಳಿಗೆ ಅಲ್ಲಿ ಬರಗಾಲದಲ್ಲಿಯೂ ಆಸರೆಯಿರುತ್ತಿತ್ತು. 'ರಕ್ತರಾತ್ರಿ', 'ಕುರುಕ್ಷೇತ್ರ', 'ಚಿತ್ರಾಂಗದಾ' ನಾಟಕಗಳನ್ನು ಬರೆದ ಕಂದಗಲ್ಲ ಹನುಮಂತರಾಯರು 1896ರಲ್ಲಿ ಹುಟ್ಟಿದ್ದು ಹುನಗುಂದ ತಾಲೂಕಿನ ಕಂದಗಲ್ಲಿನಲ್ಲಿಯೇ. ಮಹಾಭಾರತದ ಕಥೆಗಳನ್ನು ಹೊಸ ಮಾತಿನಲ್ಲಿ ರಂಗಕ್ಕೆ ತಂದ ಅವರು 1966ರಲ್ಲಿ ತೀರಿಕೊಂಡರು. ಮಾತಿಗೆ ಅವರು ಇದ್ದಂತೆ ಹಾಡಿಗೆ ಈ ಅಕ್ಕತಂಗಿಯರಂಥವರು ಇದೇ ಮಣ್ಣಿನಿಂದ ಎದ್ದರು.

ನಾಟಕದ ಹಾಡೆಂದರೆ ಏನು? ಧ್ವನಿವರ್ಧಕ ಇಲ್ಲದ ಕಾಲ. ಗಾಳಿ ಬೀಸುವ ತಂಬಿನಲ್ಲಿ ಹಿಂದಿನ ಸಾಲಿನ ನೆಲದ ಮೇಲೆ ಕುಳಿತ ರೈತನಿಗೆ ಒಂದೊಂದು ಅಕ್ಷರವೂ ಮುಟ್ಟಬೇಕು. ಮುಟ್ಟದಿದ್ದರೆ ಅವನು ಕೂಗುತ್ತಾನೆ. ಮುಟ್ಟಿ ಮೆಚ್ಚಿದರೆ 'ಒನ್ಸ್ ಮೋರ್' ಎಂದು ಇನ್ನೂ ಗಟ್ಟಿಯಾಗಿ ಕೂಗುತ್ತಾನೆ. ಆಗ ಕಥೆ ಅಲ್ಲಿಯೇ ನಿಲ್ಲಬೇಕು, ಸಾಯುತ್ತಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕು. ಒಂದೇ ಪದ ಆಲಾಪ, ತಾನುಗಳೊಂದಿಗೆ ಎಷ್ಟೋ ಹೊತ್ತು ಬೆಳೆಯುತ್ತಿತ್ತು. ಸ್ವರ ಶುದ್ಧವಾಗಿರಬೇಕು, ಮಾತು ಸ್ಪಷ್ಟವಾಗಿರಬೇಕು, ಉಸಿರು ಉದ್ದವಾಗಿರಬೇಕು. ಇದಕ್ಕಿಂತ ಕಠಿಣವಾದ ಪಾಠಶಾಲೆ ಎಲ್ಲಿದೆ?

ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಗಾಯನಕ್ಕೆ ಮರುಳಾದವರು. ಅವರ ಧಾಟಿಯನ್ನೇ ಕಂಠದಲ್ಲಿ ತುಂಬಿಕೊಂಡವರು. ನಾರಾಯಣ ಶ್ರೀಪಾದ ರಾಜಹಂಸ ಎಂಬ ನಿಜನಾಮದ ಬಾಲಗಂಧರ್ವರು ಸ್ತ್ರೀ ಪಾತ್ರದಲ್ಲಿ ಅದ್ವಿತೀಯರೆನಿಸಿದ್ದರು. 1930ರ ದಶಕದ ಕೊನೆಯಲ್ಲಿ, ಅವರ ಮಂಡಳಿಯ ವೈಭವ ಇಳಿಯುತ್ತಿದ್ದಾಗ, ಬೀಳಗಿಯ ಗೋಹರಬಾಯಿ ಅವರ ಮಂಡಳಿಯ ನಾಯಕಿಯಾದರು. ಗಂಡಸು ಹೆಣ್ಣಾಗಿ ಆಡಿ ಹೆಸರಾದ ರಂಗದ ಮೇಲೆ ಹೆಣ್ಣೇ ಹೆಣ್ಣಾಗಿ ನಿಂತದ್ದು ಆ ಮಂಡಳಿಗೆ ಹೊಸ ಸಂಗತಿ. ಕೆಲವರು ಅವರನ್ನು ಹಳಿದರು, ಕೆಲವರು ಹೊಗಳಿದರು. ಬಾಲಗಂಧರ್ವರ ಕಷ್ಟದ ದಿನಗಳಲ್ಲಿ ಅವರು ಕೊನೆಯವರೆಗೂ ಜತೆಗಿದ್ದರೆಂಬುದನ್ನು ಹಳಿದವರೂ ಅಲ್ಲಗಳೆಯಲಾರರು.

ತಂಗಿ ಅಮೀರ್‌ಬಾಯಿ ಇನ್ನೂ ಹದಿಹರೆಯದವರಿದ್ದಾಗಲೇ ಮುಂಬಯಿಗೆ ಹೋದರು. ಅಲ್ಲಿ ಅವರ ಕಂಠವನ್ನು ಕೇಳಿದ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಪ್ರತಿನಿಧಿಯೊಬ್ಬರು ಅವರಿಂದ ಒಂದು ಕವ್ವಾಲಿಯನ್ನು ಹಾಡಿಸಿ ತಟ್ಟೆ ತಂದರು. ಅದು ಬಹಳ ಜನಪ್ರಿಯವಾಯಿತೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಸಿನೆಮಾ ಬಾಗಿಲು ತೆರೆಯುವ ಮೊದಲು ತಟ್ಟೆಯೇ ಅವರಿಗೆ ಬಾಗಿಲು ತೆರೆಯಿತು ಎಂಬ ಮಾತನ್ನು ನೆನಪಿನಲ್ಲಿಡಬೇಕು. ಕವ್ವಾಲಿ ಎಂದರೆ ದರ್ಗೆಯ ಉರುಸಿನಲ್ಲಿ ಇರುಳೆಲ್ಲ ಸಾಗುವ ಹಾಡು. ಗುಂಪಿನಲ್ಲಿ ಗಂಡಸರು ಹಾಡಿ ಬೆಳೆಸಿದ್ದು. ಅದನ್ನು ಬೀಳಗಿಯ ಹುಡುಗಿಯೊಬ್ಬಳು ಮೂರು ನಿಮಿಷದ ಮಗ್ಗುಲೊಳಗೆ ಹಿಡಿಸಿ ಕೊಟ್ಟಳು.

ಈ ಮೂರು ನಿಮಿಷದ ಕಟ್ಟು ಸಾಮಾನ್ಯವಾದುದಲ್ಲ. ರಂಗದ ಮೇಲೆ ಬೆಳೆಯುವ ಹಾಡನ್ನು ತಟ್ಟೆಗೆ ಇಳಿಸುವಾಗ ಆಲಾಪವನ್ನು ಕೆಲವು ಕ್ಷಣಗಳಿಗೆ ಕತ್ತರಿಸಬೇಕು. ಇರುವ ಒಂದೆರಡು ತಾನುಗಳನ್ನೇ ಮುತ್ತಿನಂತೆ ಎಣಿಸಿ ಇಡಬೇಕು. ಯಂತ್ರ ನಿಲ್ಲುವ ಮೊದಲು ಪಲ್ಲವಿಗೆ ಮರಳಿ ಬಂದು ಮುಗಿಸಬೇಕು. ನಡುವೆ ತಪ್ಪಿದರೆ ಮೊದಲಿನಿಂದ ಮತ್ತೆ. ಇನ್ನೊಂದು ಬದಲಾವಣೆಯೂ ಅಷ್ಟರಲ್ಲಿ ಆಗಿತ್ತು. 1925ಕ್ಕಿಂತ ಮೊದಲು ಹಾಡುವವರು ದೊಡ್ಡ ತುತ್ತೂರಿಯೊಳಗೆ ಬಾಯಿಟ್ಟು ಕೂಗಬೇಕಾಗಿತ್ತು. ಆಮೇಲೆ ವಿದ್ಯುತ್ತಿನ ಮೈಕು ಬಂದಿತು. ಮೈಕಿನ ಮುಂದೆ ಕೂಗಿದರೆ ಕೆಡುತ್ತದೆ; ಮೆಲ್ಲನೆ ಹಾಡಿದರೆ ಉಸಿರಿನ ನವುರೂ ಕೇಳುತ್ತದೆ. ಹಿಂದಿನ ಸಾಲಿಗೆ ಮುಟ್ಟುವಂತೆ ಹಾಡಲು ಕಲಿತವರು ಈಗ ಕಿವಿಯ ಬಳಿ ಹಾಡುವಂತೆ ಹಾಡಲು ಕಲಿಯಬೇಕಾಯಿತು. ರಂಗದಿಂದ ಬಂದ ಅನೇಕರಿಗೆ ಇದು ಕೈಗೂಡಲಿಲ್ಲ. ಅಮೀರ್‌ಬಾಯಿಯವರಿಗೆ ಕೈಗೂಡಿತು, ಮಾತಿನ ಸ್ಪಷ್ಟತೆ ರಂಗದ್ದು, ದನಿಯ ಮೆದುತನ ಮೈಕಿನದು. ಎರಡೂ ಕೂಡಿದ್ದರಿಂದ ಅವರ ಹಾಡು ಕೇಳಿದವರ ಎದೆಯಲ್ಲಿ ಹೊಕ್ಕಿತು.

1934ರಲ್ಲಿ 'ವಿಷ್ಣುಭಕ್ತಿ' ಎಂಬ ಚಿತ್ರದಲ್ಲಿ ಅವರು ಮೊದಲು ಕಾಣಿಸಿಕೊಂಡರು. 1938ರ 'ಜಮಾನಾ' ಚಿತ್ರದ ಹಾಡಿನಿಂದ ಹೆಸರು ಹಬ್ಬಿತು. 1940ರ 'ನರಸೀ ಭಗತ್' ಚಿತ್ರದಲ್ಲಿ, ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿ ಮೆಹತಾರ ಭಜನೆಗೆ ಅವರ ಕಂಠವಿತ್ತು. 1943ರಲ್ಲಿ ಬಾಂಬೆ ಟಾಕೀಜಿನವರ 'ಕಿಸ್ಮತ್' ಬಂದಿತು. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಪದಗಳು. ಆ ಚಿತ್ರ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿತು. ಅದರಲ್ಲಿ ಮೋಡವನ್ನು ಕುರಿತು ಮೆಲ್ಲನೆ ಬಾರೆಂದು ಹೇಳುವ ಹಾಡು ಅವರದು. ಪರದೇಶದವರನ್ನು ದೂರ ಸರಿಯಿರೆಂದು ಗದರಿಸುವ ಹಾಡಿನಲ್ಲಿಯೂ ಖಾನ್ ಮಸ್ತಾನರೊಡನೆ ಅವರ ದನಿಯಿತ್ತು. ಒಂದೇ ಕಂಠ ಮಗುವನ್ನು ಮಲಗಿಸಬಲ್ಲುದು, ಜನವನ್ನು ಎಬ್ಬಿಸಬಲ್ಲುದು ಎಂಬುದಕ್ಕೆ ಆ ಒಂದು ಚಿತ್ರವೇ ಸಾಕು. ಹಿಂದಿನ ವರ್ಷವೇ 'ಭಾರತ ಬಿಟ್ಟು ತೊಲಗಿರಿ' ಚಳವಳಿ ನಡೆದಿತ್ತೆಂಬುದನ್ನು ನೆನೆದರೆ ಆ ಎರಡನೆಯ ಹಾಡನ್ನು ಜನ ಏಕೆ ಅಷ್ಟು ಮೆಚ್ಚಿದರೆಂಬುದು ತಿಳಿಯುತ್ತದೆ. 1946ರ 'ರಾಣಕದೇವಿ' ಎಂಬ ಗುಜರಾತಿ ಚಿತ್ರದಲ್ಲಿ, ತನ್ನ ಹಳ್ಳಿಗೆ ಒಮ್ಮೆ ಬಾರೆಂದು ಕರೆಯುವ ಅವರ ಹಾಡು ಗುಜರಾತಿನ ಮನೆಮನೆಯ ಮಾತಾಯಿತು. 1948ರಲ್ಲಿ 'ಶಹನಾಜ್' ಎಂಬ ಚಿತ್ರಕ್ಕೆ ಅವರೇ ಸಂಗೀತವನ್ನು ನಿರ್ದೇಶಿಸಿದರು. ಹೆಂಗಸು ಆ ಕುರ್ಚಿಯಲ್ಲಿ ಕುಳಿತದ್ದು ಆಗ ಅತಿ ವಿರಳ.

ಇನ್ನು ಹೆಸರಿನ ವಿಚಾರ. ತಟ್ಟೆಯ ಚೀಟಿಯ ಮೇಲೆ ಹಾಡಿದವರ ಹೆಸರಿನೊಡನೆ ಊರಿನ ಹೆಸರನ್ನು ಸೇರಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಆಗ್ರಾದ ಜೊಹರಾಬಾಯಿ, ಅಲಹಾಬಾದಿನ ಜಾನಕೀಬಾಯಿ ಎಂದು ಅವರು ಹೆಸರಾದರು. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಬಂದದ್ದು ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರಿನಲ್ಲಿ. ಒಂದೇ ಹೆಸರಿನವರು ಹಲವರಿದ್ದಾಗ ಇದು ಅವಶ್ಯವೂ ಆಗಿತ್ತು. ಕಲಕತ್ತೆಯಲ್ಲಿ ಗೌಹರ್ ಜಾನ್ ಹೆಸರಾಗಿದ್ದರು. ಮುಂಬಯಿಯ ರಣಜಿತ್ ಸಂಸ್ಥೆಯ ಚಿತ್ರಗಳಲ್ಲಿ ಮಿಸ್ ಗೋಹರ್ ಎಂಬ ಪ್ರಸಿದ್ಧ ನಟಿಯಿದ್ದರು. ಬೀಳಗಿಯ ಗೋಹರಬಾಯಿ ತಾನು ಬೇರೆಯವಳೆಂದು ಹೇಗೆ ಹೇಳಬೇಕು? ಬೀಳಗಿ ಎಂದರೆ ಮುಂಬಯಿಯಲ್ಲಿ ಯಾರಿಗೆ ಗೊತ್ತು? ಹೀಗೆ ಅಕ್ಕತಂಗಿಯರಿಬ್ಬರೂ ಊರನ್ನು ಬಿಟ್ಟು ನಾಡನ್ನೇ ಹೆಸರಿಗೆ ಹಚ್ಚಿಕೊಂಡರು - ಕರ್ನಾಟಕಿ. 1944ರಲ್ಲಿ ನೌಷಾದರ ಸಂಗೀತದ 'ರತನ್' ಚಿತ್ರ ಬಂದಾಗ ಅದರ ಗಾಯಕಿಯರಲ್ಲಿ ಒಬ್ಬರು ಅಂಬಾಲೆಯ ಜೊಹರಾಬಾಯಿ ಅಂಬಾಲೇವಾಲಿ, ಇನ್ನೊಬ್ಬರು ಅಮೀರ್‌ಬಾಯಿ ಕರ್ನಾಟಕಿ. ಒಬ್ಬರದು ಊರಿನ ಹೆಸರು, ಇನ್ನೊಬ್ಬರದು ನಾಡಿನ ಹೆಸರು.

ವಾಚಕರು ಆ ಕಾಲದ ಭೂಪಟವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಬೀಳಗಿ, ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತದಲ್ಲಿ. ಸಮೀಪದ ಜಮಖಂಡಿ, ಮುಧೋಳಗಳು ಸಂಸ್ಥಾನಗಳು. ಇಲಕಲ್ಲಿನಿಂದ ಕೆಲವು ಹರದಾರಿ ದಕ್ಷಿಣಕ್ಕೆ ಹೋದರೆ ಕುಷ್ಟಗಿ, ಅದು ನಿಜಾಮರ ಸೀಮೆ. ಮೈಸೂರು ಬೇರೆ, ಮದರಾಸು ಬೇರೆ, ಕೊಡಗು ಬೇರೆ. ಕರ್ನಾಟಕವೆಂಬುದು ಆಲೂರ ವೆಂಕಟರಾಯರಂಥವರ ಬರಹಗಳಲ್ಲಿ, ಸಭೆಗಳಲ್ಲಿ, ಏಕೀಕರಣಕ್ಕಾಗಿ ದುಡಿಯುವವರ ಮನಸ್ಸಿನಲ್ಲಿ ಇದ್ದಿತೇ ಹೊರತು ಸರಕಾರದ ಕಾಗದದಲ್ಲಿ ಆ ಹೆಸರಿನ ರಾಜ್ಯವಿರಲಿಲ್ಲ. ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ ಎಷ್ಟೋ ವರ್ಷ ಮೊದಲೇ ಲಾಹೋರಿನಿಂದ ಕಲಕತ್ತೆಯವರೆಗೆ ಚಿತ್ರಗೀತೆ ಕೇಳುವವರ ಬಾಯಲ್ಲಿ ಆ ಹೆಸರು ಆಡುತ್ತಿತ್ತು. ಅದನ್ನು ಅಲ್ಲಿಗೆ ಒಯ್ದವರು ಮುಂದಾಳುಗಳಲ್ಲ, ಪಂಡಿತರಲ್ಲ, ಬೀಳಗಿಯ ಹಾಡುಗಾರ್ತಿಯರು.

'ಅವರು ದೇಶಕೀರ್ತಿ ಪಡೆದದ್ದು ಹಿಂದಿ, ಗುಜರಾತಿ, ಮರಾಠಿ ಹಾಡುಗಳಿಂದ; ಕನ್ನಡಕ್ಕೆ ಅದರಿಂದ ಬಂದದ್ದೇನು?' ಎಂದು ಯಾರಾದರೂ ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಕರ್ನಾಟಕಿ ಎಂಬುದು ಕನ್ನಡಿಗರಿಗಷ್ಟೇ ಮೀಸಲಾದ ಹೆಸರೂ ಆಗಿರಲಿಲ್ಲ. ಮರಾಠಿ ಚಿತ್ರಗಳ ಮಾಸ್ಟರ್ ವಿನಾಯಕರು ಕೊಲ್ಹಾಪುರದ ಕರ್ನಾಟಕಿ ಮನೆತನದವರು. ಆದರೆ ವಿಚಾರ ಮಾಡಬೇಕು. ವಿನಾಯಕರಿಗೆ ಅದು ಮನೆತನದಿಂದ ಬಂದ ಅಡ್ಡಹೆಸರು. ಈ ಅಕ್ಕತಂಗಿಯರಿಗೆ ಅದು ತಾವು ಆರಿಸಿಕೊಂಡದ್ದು. ಹೆಸರು ಬದಲಿಸಿಕೊಂಡು ಹುಟ್ಟಿದ ಊರನ್ನು ಮರೆಮಾಡುವುದು ಚಿತ್ರರಂಗದಲ್ಲಿ ವಾಡಿಕೆಯಾಗಿದ್ದಾಗ ಇವರು ಊರಿನ ದಿಕ್ಕನ್ನು ಹೆಸರಿನಲ್ಲಿಯೇ ಇಟ್ಟುಕೊಂಡರು. ಅಮೀರ್‌ಬಾಯಿಯವರು ಬಿಜಾಪುರದ ನಂಟನ್ನು ಬಿಡಲಿಲ್ಲ. ಅಲ್ಲಿ ಅಮೀರ್ ಟಾಕೀಜ್ ಎಂಬ ಚಿತ್ರಮಂದಿರ ಅವರಿಂದಾಯಿತು. ಭಾಷೆ ಯಾವುದಾದರೇನು, ಆ ಉಚ್ಚಾರದ ಸ್ಪಷ್ಟತೆ, ಆ ಉಸಿರು, ಆ ಒತ್ತು ಕಲಿತದ್ದು ಈ ಮಣ್ಣಿನ ನಾಟಕದ ಬಳಗದಲ್ಲಿ. ರವಿಕೀರ್ತಿ ಸಂಸ್ಕೃತದಲ್ಲಿ ಬರೆದನೆಂದು ಐಹೊಳೆಯನ್ನು ನಾವು ಪರಸ್ಥಳವೆನ್ನುತ್ತೇವೆಯೆ?

ಹೆಸರು ತಟ್ಟೆಯ ಮೇಲೆ ಬಂದೇ ಬರುತ್ತಿತ್ತೆಂದು ಮಾತ್ರ ತಿಳಿಯಬಾರದು. 1949ರಲ್ಲಿ 'ಮಹಲ್' ಚಿತ್ರದ ಒಂದು ಹಾಡು ದೇಶವನ್ನೆಲ್ಲ ಮರುಳು ಮಾಡಿತು. ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾದದ್ದು 'ಕಾಮಿನಿ' - ಅದು ಚಿತ್ರದ ಕಥೆಯಲ್ಲಿನ ಪಾತ್ರದ ಹೆಸರು. ರೇಡಿಯೋದಲ್ಲಿ ಆ ಹಾಡು ಕೇಳಿದವರು ಯಾರು ಹಾಡಿದರು, ಯಾರು ಹಾಡಿದರು ಎಂದು ಬರೆದು ಕೇಳಿದರು. ಕೇಳುಗರ ಒತ್ತಾಯದಿಂದಲೇ ಲತಾ ಮಂಗೇಶಕರರ ಹೆಸರು ಹೊರಗೆ ಬಂದಿತು. ಹಾಡಿದವರಿಗೆ ಹೆಸರು ಕೊಡಿಸುವುದರಲ್ಲಿ ರೇಡಿಯೋ ಇಟ್ಟುಕೊಂಡ ಮನೆಯವರ ಪಾಲೂ ಇದೆಯೆಂದು ತೋರಿಸಲು ಈ ಪ್ರಸಂಗವನ್ನು ಹೇಳಿದೆ. ಕೇಳುವವರು ಕೇಳಿದರೇ ಹೆಸರು. ಇಲ್ಲವಾದರೆ ಹಾಡು ಮತ್ತೆ ಬೀಸುವ ಕಲ್ಲಿನ ಹಾಡಿನಂತೆ ಹೆಸರಿಲ್ಲದಾಗುತ್ತದೆ.

1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದಾಗ ಈ ಸೀಮೆಗೆ ತನ್ನದೆಂಬ ಬಾನುಲಿ ಬಂದಂತಾಯಿತು. ಬಾಗಲಕೋಟೆ, ಇಲಕಲ್ಲುಗಳ ಅಂಗಡಿಸಾಲುಗಳಲ್ಲಿ ರೇಡಿಯೋ ಇದ್ದ ಕಟ್ಟೆಯ ಮುಂದೆ ಜನ ನಿಂತರು. ಅದಾದ ಎರಡು ವರ್ಷಕ್ಕೆ, 1952ರಲ್ಲಿ, ಚಿತ್ರಗೀತೆಗಳು ಆಕಾಶವಾಣಿಯಿಂದ ಹಿಂದೆ ಸರಿದವು. ಕೇಳುಗರು ಸಿಲೋನಿನತ್ತ ಮುಳ್ಳು ತಿರುಗಿಸಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಆರಂಭವಾದ ಮೇಲೆ ಹಳೆಯ ಹಾಡುಗಳು ಮನೆಗೆ ಮರಳಿದವು. ತಟ್ಟೆಯ ಚೀಟಿಯನ್ನು ಓದಲಾರದವರಿಗೂ ಉದ್ಘೋಷಕರು ಓದಿ ಹೇಳಿದರು: ಹಾಡಿದವರು ಅಮೀರ್‌ಬಾಯಿ ಕರ್ನಾಟಕಿ. ಅಷ್ಟರಲ್ಲಿ ಅವರ ಕಾಲ ಮುಗಿಯುತ್ತ ಬಂದಿತ್ತು. ಹೊಸ ದನಿಗಳು ಬಂದವು. ಅವರು ಸಣ್ಣ ಪುಟ್ಟ ಪಾತ್ರಗಳಲ್ಲಿ ನಟಿಸುತ್ತ ದಿನ ಕಳೆದರು. ಮೊದಲ ಮದುವೆ ಬಹಳ ಕಷ್ಟ ಕೊಟ್ಟಿತ್ತು. 1965ರ ಮಾರ್ಚ್ 3ರಂದು ಅವರು ತೀರಿಕೊಂಡರು. ಬಿಜಾಪುರದ ಮಣ್ಣು ಅವರನ್ನು ತೆಗೆದುಕೊಂಡಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯ್ತು. ಬೀಳಗಿ ಅದರ ತಾಲೂಕಾಯಿತು. ಅವರ ಜೀವನವನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕ ಬರೆದು ಹಳೆಯ ಋಣವೊಂದನ್ನು ತೀರಿಸಿದ್ದಾರೆ.

ತಟ್ಟೆಗಳ ಗತಿ ಏನಾಯಿತು? ಹಿಂದೆ ಅವನ್ನು ದಪ್ಪ ಕಾಗದದ ಚೀಲಗಳುಳ್ಳ ಪುಸ್ತಕದಂಥ ಹೊದಿಕೆಯಲ್ಲಿ ಇಡುತ್ತಿದ್ದರು. ಭಾವಚಿತ್ರ ಅಂಟಿಸುವ ಪುಸ್ತಕದಂತೆ ಕಾಣುತ್ತಿದ್ದುದರಿಂದ ಅದಕ್ಕೆ ಆಲ್ಬಂ ಎಂದು ಹೆಸರಾಯಿತು. 1948ರಲ್ಲಿ ಅಮೆರಿಕದಲ್ಲಿ ಉದ್ದ ಹಾಡುವ ಪ್ಲಾಸ್ಟಿಕ್ ತಟ್ಟೆ ಬಂದು, ಆ ಪುಸ್ತಕದಲ್ಲಿ ಹಿಡಿಸುತ್ತಿದ್ದುದೆಲ್ಲ ಒಂದೇ ತಟ್ಟೆಯಲ್ಲಿ ಹಿಡಿಸಿತು. ಪುಸ್ತಕ ಹೋಯಿತು, ಹೆಸರು ಉಳಿಯಿತು. ಆಮೇಲೆ ಟೇಪು ಬಂದಿತು, ಅದರ ಮೇಲೆ ಮತ್ತೊಂದು ಬಂದಿತು. ಅರಗಿನ ತಟ್ಟೆಗಳು ಅಟ್ಟಕ್ಕೇರಿದವು. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಮನೆಗಳನ್ನು ಬಿಟ್ಟು ಜನ ನವನಗರಕ್ಕೆ ಹೋದರು. ಹಾಗೆ ಮನೆ ಬಿಡುವಾಗ ಯಾರಾದರೂ ಪಾತ್ರೆ ಪಡಗ, ಬಾಗಿಲು, ತೊಲೆ ಎತ್ತಿಕೊಂಡಾರು. ಅಟ್ಟದ ಮೇಲಿನ ಒಡಕು ಪೆಟ್ಟಿಗೆಯನ್ನು ಯಾರು ಬಿಚ್ಚಿ ನೋಡಿಯಾರು? ಚಿತ್ರಗೀತೆಯ ತಟ್ಟೆಗಳು ಬೇರೆ ಊರುಗಳಲ್ಲಾದರೂ ಉಳಿದಿರುತ್ತವೆ, ಸಂಗ್ರಾಹಕರು ಕಾಪಾಡಿರುತ್ತಾರೆ. ನಮ್ಮ ಸೀಮೆಯವರೇ ಕೊಂಡು ನಮ್ಮ ಸೀಮೆಯವರೇ ಕೇಳಿದ ಕನ್ನಡ ನಾಟಕದ ಹಾಡಿನ ತಟ್ಟೆಗಳ ಮಾತು ಹಾಗಲ್ಲ. ಇಲ್ಲಿ ಒಡೆದರೆ ಎಲ್ಲಿಯೂ ಇಲ್ಲ.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ತಮ್ಮ ಮನೆಯಲ್ಲಾಗಲಿ, ಅಜ್ಜನ ಮನೆಯಲ್ಲಾಗಲಿ ಇಂಥ ತಟ್ಟೆಗಳಿದ್ದರೆ ಒಂದರ ಮೇಲೊಂದು ಹೇರಿ ಇಡಬೇಡಿ. ಪುಸ್ತಕ ನಿಲ್ಲಿಸುವಂತೆ ನೆಟ್ಟಗೆ ನಿಲ್ಲಿಸಿರಿ. ಬಿಸಿಲಿಗೂ ಒಲೆಯ ಕಾವಿಗೂ ದೂರವಿಡಿರಿ. ಅರಗು ಬಿಸಿಗೆ ಬಾಗುತ್ತದೆ. ಧೂಳನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರಸಿರಿ. ಸ್ಪಿರಿಟ್ಟಿನಿಂದ ಒರಸಿದರೆ ಅರಗೇ ಕರಗಿ ಹಾಡು ಹೋಗುತ್ತದೆ. ಉದ್ದ ಹಾಡುವ ತಟ್ಟೆಯ ಸಣ್ಣ ಮುಳ್ಳನ್ನು ಇದಕ್ಕೆ ಹಚ್ಚಬೇಡಿ. ಇದರ ಗೆರೆ ಅಗಲವಾದುದು, ಇದಕ್ಕೆ ಬೇರೆಯೇ ಮುಳ್ಳು ಬೇಕು. ಇವೆಲ್ಲಕ್ಕೂ ಮೊದಲು ಒಂದು ಕಾಗದ ತೆಗೆದುಕೊಂಡು ತಟ್ಟೆಯ ಚೀಟಿಯ ಮೇಲೆ ಇರುವುದನ್ನು ಇದ್ದ ಹಾಗೆಯೇ ಬರೆದಿಡಿರಿ: ಹಾಡು, ಹಾಡಿದವರು, ಊರು, ಕಂಪನಿ, ಅಂಕಿ. ಮನೆಯ ಹಿರಿಯರಿಗೆ ಆ ಹಾಡುಗಾರರ ವಿಷಯ ಏನಾದರೂ ಗೊತ್ತಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ತಟ್ಟೆ ಒಡೆದರೂ ಆ ಕಾಗದ ಉಳಿದೀತು.

ಐಹೊಳೆಯ ಕಲ್ಲು ಸಾವಿರದ ಮುನ್ನೂರು ವರ್ಷಗಳಿಗೂ ಮೇಲೆ ಬಿಸಿಲು ಮಳೆಗಳನ್ನು ತಡೆದು ಒಬ್ಬ ಕವಿಯ ಹೆಸರನ್ನು ಕಾಯ್ದುಕೊಂಡು ಬಂದಿದೆ. ಅರಗಿನ ತಟ್ಟೆಗೆ ಅಷ್ಟು ಆಯುಷ್ಯವಿಲ್ಲ. ಅದರ ಹೆಸರನ್ನು ಕಾಯಬೇಕಾದವರು ಅದನ್ನು ಕೇಳಿದವರು.